ಪಾಮ್ III ಮತ್ತು ನಮ್ಮ ಆರ್ಡರ್ ಬುಕ್ಕು: ತಡವಾಗಿ ಬರೆದ ವಿಮರ್ಶೆ

ಕಪಾಟು ಖಾಲಿ ಮಾಡುವಾಗ ಹಳೇ ಪಾಮ್ III ಕೈಗೆ ಸಿಕ್ಕಿತು. ಕಡ್ಡಿಯಿಂದ ಮುಟ್ಟಿ ಬಳಸುವ, ಜೇಬಿನಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರ್ ಅದು. ಟಿವಿ ರಿಮೋಟಿಗೆ ಹಾಕುವಂಥ ಸಣ್ಣ ಸೆಲ್ಲು ಎರಡು ಹಾಕಿ ಗುಂಡಿ ಒತ್ತಿದೆ, ಎದ್ದು ಕೂತಿತು. ಪರದೆಯ ಮೂಲೆಯಲ್ಲಿ ಒಂದು ಗುರುತು ತೋರಿಸಿ, ಇಲ್ಲಿ ಕಡ್ಡಿಯಿಂದ ಮುಟ್ಟು ಅಂತ ಕೇಳಿತು. ಅಂದರೆ ಒಳಗಿದ್ದದ್ದೆಲ್ಲ ಅಳಿಸಿಹೋಗಿದೆ. ಸೆಲ್ಲು ಸತ್ತ ಯಂತ್ರದಲ್ಲಿ ಏನು ಉಳಿಯುತ್ತೆ ಹೇಳಿ. ಆದರೂ ಈ ಡಬ್ಬಿಯಿಂದ ನಾಲ್ಕು ವರ್ಷ ಅನ್ನ ಉಂಡಿದ್ದೇನೆ, ಒಂದು ವಿಮರ್ಶೆಯ ಋಣ ಬಾಕಿ ಇದೆ. ಅಡ್ರೆಸ್ ಬರೆದಿಡೋಕೆ, ಆಟ ಆಡೋಕೆ ಇದು ಹೇಗಿತ್ತು ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳುವುದು ವ್ಯಾಪಾರದ ಸಾಫ್ಟ್‌ವೇರ್‌ಗೆ ಹೇಗಿತ್ತು ಅನ್ನೋದನ್ನು ಮಾತ್ರ.

ನಮಗಿದ್ದ ಕೆಲಸ ಇಷ್ಟೇ. ಸೇಲ್ಸ್ ಹುಡುಗರು ಅಂಗಡಿ ಅಂಗಡಿ ತಿರುಗಿ ಆರ್ಡರ್ ಬರೆದುಕೊಂಡು ಬರುತ್ತಾರೆ, ಸಂಜೆ ಆಫೀಸಿನಲ್ಲಿ ಇನ್ನೊಬ್ಬರು ಕೂತು ಅದನ್ನೇ ಮತ್ತೆ ಕಂಪ್ಯೂಟರಿಗೆ ಹೊಡೆಯುತ್ತಾರೆ. 7 ಇದ್ದದ್ದು 1 ಆಗುತ್ತೆ, ತಪ್ಪು ಮಾಲು ಹೋಗುತ್ತೆ, ವಾಪಸ್ ಬರುತ್ತೆ, ಜಗಳ ಆಗುತ್ತೆ. ಆ ಎರಡನೇ ಟೈಪಿಂಗ್ ತಪ್ಪಿಸಬೇಕಿತ್ತು.

ಮೇಜಿನ ಮೇಲೆ ನಾಲ್ಕು ಯಂತ್ರ ಇಟ್ಟುಕೊಂಡು ನೋಡಿದೆವು. ನನಗೆ ಮನಸ್ಸು ಇದ್ದದ್ದು ಎಚ್‌ಪಿ 200ಎಲ್‌ಎಕ್ಸ್ ಮೇಲೆ. 1994ರಲ್ಲಿ ಬಂದದ್ದು, ಒಳಗೆ ಎಂಎಸ್-ಡಾಸ್ 5.0 ಆಪರೇಟಿಂಗ್ ಸಿಸ್ಟಮ್, ಲೆಕ್ಕದ ಕೋಷ್ಟಕ ಮಾಡುವ ಲೋಟಸ್ 1-2-3 ಅನ್ನು ಚಿಪ್‌ನಲ್ಲೇ ಕೂರಿಸಿ ಕೊಟ್ಟಿದ್ದರು, ಎರಡು ಪೆನ್ಸಿಲ್ ಸೆಲ್ಲಿನಲ್ಲಿ ವಾರಗಟ್ಟಲೆ ಓಡುತ್ತಿತ್ತು. ಆಫೀಸಿನ ಡಾಸ್ ಪ್ರೋಗ್ರಾಮನ್ನೇ ಕಾಪಿ ಮಾಡಿ ಓಡಿಸಬಹುದು, ಹೊಸದಾಗಿ ಏನೂ ಬರೆಯಬೇಕಾಗಿಲ್ಲ, ಇದಕ್ಕಿಂತ ಇನ್ನೇನು ಬೇಕು ಅಂದುಕೊಂಡೆ. ಆಮೇಲೆ ಅದನ್ನು ನಿಂತುಕೊಂಡು ಬಳಸಿ ನೋಡಿದೆ. ಮುಚ್ಚಳ ತೆಗೆಯಬೇಕು, ಎರಡು ಕೈಯಲ್ಲಿ ಹಿಡಿದು ಹೆಬ್ಬೆರಳಿನಲ್ಲಿ ಒತ್ತಬೇಕು, ಬಗಲಲ್ಲಿ ಸ್ಯಾಂಪಲ್ ಬ್ಯಾಗು ಬೇರೆ. ಪರದೆಗೆ ಹಿಂದಿನಿಂದ ಬೆಳಕಿಲ್ಲ, 80 ಕಾಲಂ ಅಕ್ಷರ ಸಾಸಿವೆ ಕಾಳಿನಷ್ಟು. ಕೂತು ಲೆಕ್ಕ ಮಾಡುವವರಿಗೆ ಅದು ಇವತ್ತಿಗೂ ಚಿನ್ನದಂಥ ಯಂತ್ರ. ಗಲ್ಲಾ ಮುಂದೆ ನಿಂತು ಆರ್ಡರ್ ಬರೆಯುವವನಿಗೆ ಅಲ್ಲ.

ಸಯಾನ್ ಸೀರೀಸ್ 3ಎ ಕೀಬೋರ್ಡು ಅದಕ್ಕಿಂತ ಚೆನ್ನಾಗಿತ್ತು, ಓಪಿಎಲ್ ಭಾಷೆಯಲ್ಲಿ ಪ್ರೋಗ್ರಾಮನ್ನು ಆ ಯಂತ್ರದ ಮೇಲೇ ಬರೆದು ಅಲ್ಲೇ ಓಡಿಸಬಹುದಿತ್ತು. ಒಂದೇ ಸಂಜೆಯಲ್ಲಿ ಮಾದರಿ ಎದ್ದು ನಿಂತಿತು, ಅಷ್ಟು ಸಲೀಸು. ಆದರೆ ಅದರಲ್ಲಿ ಒಂದು ದಾಖಲೆ ತಿದ್ದಿದರೆ ಹಳೆಯದನ್ನು ತೆಗೆದು ಹೊಸದನ್ನು ಫೈಲಿನ ಕೊನೆಗೆ ಸೇರಿಸುತ್ತೆ. ಫ್ಲಾಶ್ ಕಾರ್ಡಿನಲ್ಲಿ ಇಟ್ಟರೆ ಅಳಿಸಿದ ಜಾಗ ಫಾರ್ಮ್ಯಾಟ್ ಮಾಡುವ ತನಕ ವಾಪಸ್ ಸಿಗೋದಿಲ್ಲ. ದಿನಕ್ಕೆ ನೂರು ಸಲ ತಿದ್ದುವ ಆರ್ಡರ್ ಫೈಲಿಗೆ ಇದು ತೂತು ಕೊಡ ಇದ್ದ ಹಾಗೆ. ಮೈಕ್ರೋಸಾಫ್ಟ್ ಕೈಯಂತ್ರಗಳಿಗೆ ಮಾಡಿದ್ದ ವಿಂಡೋಸ್ ಸಿಇ ಬಗ್ಗೆ ಜಾಸ್ತಿ ಹೇಳೋದಿಲ್ಲ. ಒಂದು ಕಂಪನಿಯ ಯಂತ್ರದಲ್ಲಿ ಎಸ್‌ಎಚ್3 ಪ್ರೊಸೆಸರ್, ಇನ್ನೊಂದರಲ್ಲಿ ಮಿಪ್ಸ್, ಒಂದೇ ಪ್ರೋಗ್ರಾಮನ್ನು ಎರಡೆರಡು ಸಲ ಕಂಪೈಲ್ ಮಾಡಿ (ಯಂತ್ರಕ್ಕೆ ಅರ್ಥವಾಗುವ ಹಾಗೆ ಬದಲಿಸಿ) ಎರಡೆರಡು ಕಡೆ ಪರೀಕ್ಷೆ ಮಾಡಬೇಕು. ಇಬ್ಬರೇ ಇದ್ದ ನಮಗೆ ಅದು ಆಗುವ ಮಾತಲ್ಲ.

ಉಳಿದದ್ದು ಪಾಮ್. ಕಾಗದದ ಮೇಲೆ ನೋಡಿದರೆ ಎಲ್ಲರಿಗಿಂತ ಬಡವ ಇದೇ: 16 ಮೆಗಾಹರ್ಟ್ಸ್ ಡ್ರ್ಯಾಗನ್‌ಬಾಲ್ ಪ್ರೊಸೆಸರ್, 160×160 ಚುಕ್ಕಿಯ ಪರದೆ, 2 ಎಂಬಿ ಮೆಮೊರಿ, ಕೀಬೋರ್ಡೇ ಇಲ್ಲ. ಆದರೆ ಒಂದು ಕೈಯಲ್ಲಿ ಕೂರುತ್ತೆ, ಒತ್ತಿದ ತಕ್ಷಣ ಎದ್ದೇಳುತ್ತೆ. ಪಾಮ್ ಕಟ್ಟಿದ ಜೆಫ್ ಹಾಕಿನ್ಸ್ ಯಂತ್ರ ಮಾಡುವ ಮೊದಲು ಅಷ್ಟೇ ಅಳತೆಯ ಮರದ ತುಂಡು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ ಕಥೆ ಕೇಳಿರಬಹುದು. ನಮ್ಮ ಹುಡುಗರ ಕೈಗೆ ಕೊಟ್ಟ ದಿನ ಆ ಕಥೆ ಅರ್ಥವಾಯಿತು, ಕೊಟ್ಟ ಕೂಡಲೇ ಅಂಗಿ ಜೇಬಿಗೆ ಹಾಕಿಕೊಂಡರು, ಯಾರೂ ಹೇಳಿಕೊಡಲಿಲ್ಲ.

ಈಗ ಸಾಫ್ಟ್‌ವೇರ್ ವಿಷಯ, ನಾವು ದುಡ್ಡು ಕಳೆದುಕೊಂಡದ್ದು ಇಲ್ಲೇ. ಬರೆಯೋದು ಯಾಕೆ, ಸಿದ್ಧವಾದದ್ದೇ ತಗೊಳ್ಳೋಣ ಅಂತ ಒಂದು ಫಾರ್ಮ್ ಮಾಡುವ ಟೂಲ್ ಕೊಂಡೆವು. ಹೆಸರು ಬೇಡ. ಡೆಮೊದಲ್ಲಿ ಇಪ್ಪತ್ತು ಐಟಂ ಇಟ್ಟುಕೊಂಡು ತೋರಿಸಿದ್ದರು, ಬೆಣ್ಣೆಯ ಹಾಗೆ ಓಡಿತ್ತು. ನಮ್ಮ 1,200 ಐಟಂ ಹಾಕಿದಾಗ ಪಟ್ಟಿ ತೆರೆಯುವಷ್ಟರಲ್ಲಿ ಅಂಗಡಿಯವರು ಇನ್ನೊಬ್ಬ ಗಿರಾಕಿಗೆ ಸಾಮಾನು ಕಟ್ಟಿಕೊಟ್ಟು ಬರುತ್ತಿದ್ದರು. ಡೆಮೊ ನೋಡುವಾಗ ನಿಮ್ಮ ಪೂರ್ತಿ ಪಟ್ಟಿಯನ್ನೇ ಹಾಕಿಸಿ ನೋಡಿ, ಅವರು ಎಷ್ಟೇ ಗೊಣಗಲಿ.

ನಿಧಾನವನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಸಿಂಕ್, ಅಂದರೆ ಪಾಮ್ ಮತ್ತು ಆಫೀಸಿನ ಕಂಪ್ಯೂಟರ್ ಎರಡರ ಮಾಹಿತಿಯನ್ನೂ ಒಂದೇ ಮಾಡುವ ಕೆಲಸ. ಪಾಮನ್ನು ಕ್ರೇಡಲ್‌ನಲ್ಲಿ, ಅಂದರೆ ಕಂಪ್ಯೂಟರಿಗೆ ತಂತಿ ಹಾಕಿದ ಸ್ಟ್ಯಾಂಡಿನಲ್ಲಿ, ಕೂರಿಸಿ ಹಾಟ್‌ಸಿಂಕ್ ಗುಂಡಿ ಒತ್ತಿದರೆ ಎಲ್ಲ ತಾನಾಗಿ ಆಗುತ್ತೆ ಅಂತ ಡಬ್ಬದ ಮೇಲೆ ಬರೆದಿರುತ್ತಾರೆ. ನಿಜ ಏನೆಂದರೆ, ಪ್ರತಿ ಪ್ರೋಗ್ರಾಮಿಗೆ ಕಂಪ್ಯೂಟರಿನ ಕಡೆ ಕಾಂಡ್ಯುಯಿಟ್ ಅನ್ನುವ ಒಂದು ಜೊತೆಗಾರ ಪ್ರೋಗ್ರಾಮ್ ಇದ್ದರೆ ಮಾತ್ರ ಎರಡೂ ಕಡೆಯ ಬದಲಾವಣೆ ಒಂದಕ್ಕೊಂದು ಸೇರುತ್ತೆ. ಅದು ಇಲ್ಲದಿದ್ದರೆ ಫೈಲು ಸುಮ್ನೆ ಬ್ಯಾಕಪ್ ಫೋಲ್ಡರಿಗೆ ಕಾಪಿ ಆಗುತ್ತೆ, ಅಷ್ಟೇ. ನಾವು ಕೊಂಡದ್ದು ಮಾಡುತ್ತಿದ್ದದ್ದು ಅದನ್ನೇ. ಆಫೀಸಿನಲ್ಲಿ ಬೆಲೆ ಬದಲಿಸಿ ಸಿಂಕ್ ಮಾಡುತ್ತೇವೆ, ಪಾಮ್‌ನಲ್ಲಿ ಹಳೇ ಬೆಲೆಯೇ ಕೂತಿರುತ್ತೆ! ಎರಡು ವಾರ ಹಾಗೇ ವ್ಯಾಪಾರ ಆಗಿದೆ. ಅವತ್ತಿಂದ ಯಾವ ಕೈಯಂತ್ರದ ಸಾಫ್ಟ್‌ವೇರ್ ನೋಡಿದರೂ ನಾನು ಮೊದಲು ಕೇಳುವುದು ಒಂದೇ: ಕಾಂಡ್ಯುಯಿಟ್ ಎಲ್ಲಿ? ಜೇಬಿನಲ್ಲಿರುವುದು ಅರ್ಧ ಸಾಫ್ಟ್‌ವೇರ್, ಉಳಿದರ್ಧ ಮೇಜಿನ ಮೇಲಿದೆ. ಆ ಅರ್ಧ ಯಾರೂ ಡೆಮೊದಲ್ಲಿ ತೋರಿಸೋದಿಲ್ಲ.

ಕೊನೆಗೆ ಪಾಮ್‌ಗೆ ಪ್ರೋಗ್ರಾಮ್ ಬರೆಯುವ ಟೂಲ್ ಕೋಡ್‌ವಾರಿಯರ್ ತಗೊಂಡು ಸಿ ಭಾಷೆಯಲ್ಲಿ ನಾವೇ ಬರೆದೆವು. ಪಾಮ್‌ನ ಆಪರೇಟಿಂಗ್ ಸಿಸ್ಟಮ್ ಪಾಮ್ ಓಎಸ್, ಪ್ರೋಗ್ರಾಮ್ ಬರೆಯುವವನಿಗೆ ಮೊದಲು ಮೂಗುದಾರ ಹಾಕುತ್ತೆ. 2 ಎಂಬಿ ಇದ್ದರೂ ಓಡುವಾಗ ಬಳಸುವ ಮೆಮೊರಿ 96 ಕೆಬಿ, ಅದರಲ್ಲಿ ಸಿಸ್ಟಮ್ಮಿಗೂ ಪಾಲು. ಒಂದು ದಾಖಲೆ 64 ಕೆಬಿ ದಾಟುವಂತಿಲ್ಲ. ಡೇಟಾಬೇಸಿನ ಮೆಮೊರಿಗೆ ಪಾಯಿಂಟರ್ (ಮೆಮೊರಿಯ ಜಾಗದ ವಿಳಾಸ) ಹಿಡಿದು ನೇರವಾಗಿ ಬರೆಯೋಕೆ ಬಿಡೋದಿಲ್ಲ, ಅದಕ್ಕೇ ಇರುವ ಫಂಕ್ಷನ್ ಕರೆದೇ ಬರೆಯಬೇಕು. ಮೊದಲು ಬೈದೆ, ಆಮೇಲೆ ಗೊತ್ತಾಯಿತು, ನನ್ನ ತಪ್ಪಿನಿಂದ ಪ್ರೋಗ್ರಾಮ್ ಬಿದ್ದಾಗಲೂ ಆರ್ಡರ್‌ಗಳು ಉಳಿಯುತ್ತಿದ್ದದ್ದು ಇದೇ ಬೇಲಿಯಿಂದ. ದಶಮಾಂಶ ಲೆಕ್ಕಕ್ಕೆ ಪ್ರೊಸೆಸರಿನಲ್ಲಿ ಏರ್ಪಾಡಿಲ್ಲ, ಹಾಗಾಗಿ ಬೆಲೆಯನ್ನು ನೂರರಿಂದ ಗುಣಿಸಿ ಪೂರ್ಣ ಸಂಖ್ಯೆಯಾಗಿ ಇಟ್ಟುಕೊಂಡು ತೋರಿಸುವಾಗ ಮಾತ್ರ ಚುಕ್ಕಿ ಹಾಕಿದೆವು. ಇನ್ನೊಂದು, ಸೇವ್ ಗುಂಡಿ ಇಲ್ಲ. ಬಳಸುವವನು ಮಧ್ಯದಲ್ಲೇ ಕ್ಯಾಲೆಂಡರ್ ಗುಂಡಿ ಒತ್ತಿದರೆ ನಿಮ್ಮ ಪ್ರೋಗ್ರಾಮ್ ಕೈಲಿದ್ದದ್ದನ್ನು ಬರೆದಿಟ್ಟು ಎದ್ದು ಹೋಗಬೇಕು, ಮತ್ತೆ ಬಂದಾಗ ಅದೇ ಸಾಲಿನಲ್ಲಿ ಕೂತಿರಬೇಕು. ಇದು ನನಗೆ ಬಹಳ ಹಿಡಿಸಿತು.

ಪರದೆಯ ಕಥೆ ಹೇಳಲೇಬೇಕು. ಮೊದಲ ಆವೃತ್ತಿಯಲ್ಲಿ ಐಟಂ ಹುಡುಕೋಕೆ ಗ್ರಾಫಿಟಿಯಲ್ಲಿ ಹೆಸರು ಬರೆಯಬೇಕಿತ್ತು. ಗ್ರಾಫಿಟಿ ಅಂದರೆ ಪಾಮ್ ಓದುವ ಒಂದೆಳೆಯ ಅಕ್ಷರ. ಎ ಬರೆಯುವಾಗ ಅಡ್ಡಗೆರೆ ಹಾಕಬಾರದು, ಅಕ್ಷರ ಎಡಗಡೆ ಬರೆಯಬೇಕು, ಅಂಕಿ ಬಲಗಡೆ. ನಾನು ಎರಡು ದಿನದಲ್ಲಿ ಕಲಿತೆ, ಹಾಗಾಗಿ ಎಲ್ಲರೂ ಕಲಿಯುತ್ತಾರೆ ಅಂದುಕೊಂಡೆ. ಒಂದು ದಿನ ಒಬ್ಬ ಹುಡುಗನ ಹಿಂದೆ ಹೋಗಿ ನಿಂತು ನೋಡಿದರೆ, ಆತ ಆರ್ಡರನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು, ಹೊರಗೆ ಬಂದು ಗೋಡೆಗೆ ಒರಗಿ ಪಾಮ್‌ಗೆ ಹಾಕುತ್ತಿದ್ದ. ಎರಡನೇ ಟೈಪಿಂಗ್ ತಪ್ಪಿಸೋಕೆ ಹೊರಟವರು ಅದನ್ನು ಅಂಗೈಗೆ ತಂದಿಟ್ಟಿದ್ದೆವು. ವಾಪಸ್ ಬಂದು ಎಲ್ಲ ಕಿತ್ತು ಹಾಕಿ, ಆ ಅಂಗಡಿ ಹಿಂದಿನ ಸಲ ತಗೊಂಡ ಐಟಂಗಳನ್ನೇ ಮೊದಲು ತೋರಿಸಿ, ಪಕ್ಕದಲ್ಲಿ ಬೆರಳಿನಲ್ಲೂ ಒತ್ತಬಹುದಾದ ದೊಡ್ಡ ಅಂಕಿ ಗುಂಡಿಗಳನ್ನು ಇಟ್ಟೆವು. ಒಂದು ಸಾಲಿಗೆ ಹನ್ನೊಂದು ಸಲ ಮುಟ್ಟಬೇಕಿದ್ದದ್ದು ನಾಲ್ಕಕ್ಕೆ ಇಳಿಯಿತು.

ಪರೀಕ್ಷೆಗೆ ಪಾಮ್ ಎಮ್ಯುಲೇಟರ್ ಇತ್ತು, ಅಂದರೆ ಕಂಪ್ಯೂಟರಿನಲ್ಲೇ ಪಾಮ್‌ನ ಹಾಗೆ ನಡೆದುಕೊಳ್ಳುವ ಪ್ರೋಗ್ರಾಮ್, ಅದರಲ್ಲಿ ಗ್ರೆಮ್ಲಿನ್ಸ್ ಅಂತ ಒಂದು ತಮಾಷೆಯ ವ್ಯವಸ್ಥೆ, ಕೋತಿ ಕೈಗೆ ಕೊಟ್ಟ ಹಾಗೆ ಸಾವಿರಾರು ಸಲ ಎಲ್ಲೆಲ್ಲೋ ಒತ್ತಿ, ಏನೇನೋ ಬರೆದು ನೋಡುತ್ತೆ. ರಾತ್ರಿ ಬಿಟ್ಟು ಹೋದರೆ ಬೆಳಗ್ಗೆ ನಮ್ಮ ಮಾನ ಹೋಗಿರುತ್ತಿತ್ತು. ಖಾಲಿ ಆರ್ಡರನ್ನು ಅಳಿಸಿದರೆ ಪ್ರೋಗ್ರಾಮ್ ಬೀಳುತ್ತೆ ಅಂತ ಅದೇ ಹಿಡಿದುಕೊಟ್ಟದ್ದು, ನಮ್ಮ ತಲೆಗೆ ಹೊಳೆಯುತ್ತಲೇ ಇರಲಿಲ್ಲ.

ಕಾಂಡ್ಯುಯಿಟ್ ಬರೆಯೋಕೆ ಪಾಮ್ ಕಡೆಯ ಪ್ರೋಗ್ರಾಮಿಗಿಂತ ಜಾಸ್ತಿ ದಿನ ಹಿಡಿಯಿತು. ಬದಲಾದ ದಾಖಲೆಗೆ ಪಾಮ್ ಒಂದು ಗುರುತು ಹಾಕಿಟ್ಟಿರುತ್ತೆ, ಹಿಂದಿನ ಸಲದ ಕಂಪ್ಯೂಟರಿಗೇ ಸಿಂಕ್ ಮಾಡಿದರೆ ಗುರುತಿದ್ದದ್ದನ್ನು ಮಾತ್ರ ಸಾಗಿಸಿದರೆ ಸಾಕು. ಅದು ಸುಲಭ. ಒಂದೇ ದಾಖಲೆ ಎರಡೂ ಕಡೆ ಬದಲಾಗಿದ್ದರೆ? ಪಾಮ್‌ನ ಅಡ್ರೆಸ್ ಬುಕ್ಕು ಎರಡನ್ನೂ ಉಳಿಸಿಕೊಳ್ಳುತ್ತೆ, ಆಮೇಲೆ ನೀವೇ ನೋಡಿ ಒಂದನ್ನು ತೆಗೆಯಿರಿ ಅನ್ನುತ್ತೆ. ಅಡ್ರೆಸ್ಸಿಗೆ ಸರಿ, ಆರ್ಡರಿಗೆ ಹಾಗೆ ಮಾಡಿದರೆ ಮಾಲು ಎರಡು ಸಲ ಹೋಗುತ್ತೆ ಅಲ್ವಾ? ಹಾಗಾಗಿ ನಿಯಮ ಮಾಡಿದೆವು: ಬೆಲೆ ಆಫೀಸಿನದ್ದೇ ಅಂತಿಮ, ಆರ್ಡರ್ ಪಾಮ್‌ನದ್ದೇ ಅಂತಿಮ, ಸಿಂಕ್ ಆದ ಆರ್ಡರನ್ನು ಪಾಮ್‌ನಲ್ಲಿ ಮುಟ್ಟುವಂತಿಲ್ಲ. ಇಬ್ಬರು ಹುಡುಗರೂ 101ನೇ ನಂಬರಿನ ಆರ್ಡರ್ ತಂದ ದಿನ ನಂಬರಿನ ಮುಂದೆ ಯಂತ್ರದ ಅಕ್ಷರವೂ ಸೇರಿತು.

ಸೆಲ್ಲಿನ ವಿಷಯ. ಬದಲಿಸುವಾಗ ಮೆಮೊರಿ ಒಂದು ನಿಮಿಷ ಮಾತ್ರ ಉಳಿಯುತ್ತೆ. ನಮ್ಮವನೊಬ್ಬ ಎಚ್ಚರಿಕೆಯನ್ನು ಎರಡು ದಿನ ಕಡೆಗಣಿಸಿ, ಆಮೇಲೆ ಹಳೇ ಸೆಲ್ಲು ತೆಗೆದಿಟ್ಟು ಹೊಸದು ತರೋಕೆ ಹೋದ. ಮೂರು ದಿನದ ಆರ್ಡರ್ ಹೋಯಿತು, ಅವನು ಸಿಂಕ್ ಮಾಡಿರಲಿಲ್ಲ, ನಾವು ಕೇಳಿರಲಿಲ್ಲ. ಅಲ್ಲಿಂದ ಮುಂದೆ, ಕೊನೆಯ ಸಿಂಕ್ ಆಗಿ ಒಂದು ದಿನ ದಾಟಿದರೆ ಹೊಸ ಆರ್ಡರ್ ತೆರೆಯುವ ಮೊದಲು ಪ್ರೋಗ್ರಾಮೇ ಗಲಾಟೆ ಮಾಡುವ ಹಾಗೆ ಬರೆದೆ. ಹುಡುಗರು ಬೈದರು. ಬೈಯಲಿ.

ಐದಕ್ಕೆ ಎಷ್ಟು ಅಂದರೆ ಯಂತ್ರಕ್ಕೆ ನಾಲ್ಕು ಕೊಡುತ್ತೇನೆ. ಸೆಲ್ಲು ಸತ್ತರೆ ಎಲ್ಲ ಹೋಗುತ್ತೆ ಅನ್ನುವುದಕ್ಕೆ ಒಂದು ಕಳೆದಿದ್ದೇನೆ. ಕೊಂಡುಕೊಂಡ ಆ ಟೂಲಿಗೆ ಒಂದೂ ಕೊಡೋದಿಲ್ಲ. ನಮ್ಮ ಪ್ರೋಗ್ರಾಮಿಗೆ ನಾನೇ ಅಂಕ ಹಾಕಿಕೊಂಡರೆ ಚೆನ್ನಾಗಿರೋದಿಲ್ಲ, ಆದರೆ ಅದರ ಫೈಲು ಹಳೇ ಸಿಡಿಯೊಂದರಲ್ಲಿ ಸಿಕ್ಕಿದೆ. ಕ್ರೇಡಲ್‌ನ ಒಂಬತ್ತು ಪಿನ್ನಿನ ಪ್ಲಗ್ಗಿಗೆ ನನ್ನ ಲ್ಯಾಪ್‌ಟಾಪಿನಲ್ಲಿ ತೂತೇ ಇಲ್ಲ, ಯುಎಸ್‌ಬಿ ಅಡಾಪ್ಟರ್ ಒಂದನ್ನು ಹುಡುಕುತ್ತಿದ್ದೇನೆ.