ಮೇವಿಗೆ ಜೊತೆಬೆಳೆ: ಬರ್ಸೀಮ್ ಜೊತೆ ಓಟ್ಸೋ, ಅಲಸಂದೆ ಜೊತೆ ಮುಸುಕಿನ ಜೋಳವೋ?

ಚಳಿಗಾಲ ಉದ್ದವಿರುವ ಪಂಜಾಬ್, ಹರಿಯಾಣಗಳಲ್ಲಿ ಬರ್ಸೀಮ್ ಎಂಬ ದ್ವಿದಳ ಮೇವಿನ ಬೆಳೆಗೆ (ಕ್ಲೋವರ್ ಜಾತಿ) ಸಾಟಿಯಿಲ್ಲ. ಅಕ್ಟೋಬರ್‌ನಲ್ಲಿ ಎಕರೆಗೆ 8–10 ಕೆ.ಜಿ. ಬಿತ್ತಿದರೆ ಮೊದಲ ಕೊಯ್ಲು 50–60 ದಿನಕ್ಕೆ, ಆಮೇಲೆ ತಿಂಗಳಿಗೊಮ್ಮೆ. ಬರ್ಸೀಮ್ ಮೊದಲ ಬಾರಿ ಬೆಳೆಯುವ ಹೊಲವಾದರೆ ಬೀಜಕ್ಕೆ ರೈಜೋಬಿಯಂ (ಬೇರಿನಲ್ಲಿ ಸಾರಜನಕ ಹಿಡಿದಿಡುವ ಬ್ಯಾಕ್ಟೀರಿಯಾ) ಲೇಪಿಸಲೇಬೇಕು. ಮೊದಲ ಕೊಯ್ಲಿನಲ್ಲಿ ಮೇವು ಕಡಿಮೆ. ಓಟ್ಸ್ ಬೆರೆಸುವುದು ಅದಕ್ಕೇ. ಓಟ್ಸ್ ದಟ್ಟವಾದರೆ ನೆರಳಿಗೆ ಬರ್ಸೀಮ್ ಸೊರಗುತ್ತದೆ. ಹಸಿದ ಹಸುವಿಗೆ ಎಳೆಯ ಬರ್ಸೀಮನ್ನಷ್ಟೇ ಹಾಕಬೇಡಿ, ಹೊಟ್ಟೆಯುಬ್ಬರದಿಂದ ಸಾಯಲೂಬಹುದು; ಮೊದಲು ಒಣಹುಲ್ಲು ಕೊಡಿ.

ಕರ್ನಾಟಕದ ಬಯಲುಸೀಮೆಯಲ್ಲಿ ಅಷ್ಟು ದೀರ್ಘ ಚಳಿಯಿಲ್ಲ. ಇಲ್ಲಿ ಆಫ್ರಿಕನ್ ಟಾಲ್ ಎಂಬ ಮೇವಿನ ತಳಿಯ ಮುಸುಕಿನ ಜೋಳ 3 ಸಾಲು, ಅಲಸಂದೆ 1 ಸಾಲು ಹಾಕುವುದೇ ಸರಿ. ಸಾಲಿನ ಅಂತರ 30 ಸೆಂ.ಮೀ. ಕೊಯ್ಲು ಒಂದೇ, ಆದರೆ ತೆನೆ ಹಾಲುಗಾಳಿನಲ್ಲಿದ್ದಾಗ ಕೊಯ್ದರೆ ರಸಮೇವಿಗೂ (ಗಾಳಿಯಾಡದಂತೆ ಹುದುಗಿಸಿಡುವ ಹಸಿಮೇವು, ಸೈಲೇಜ್) ಒದಗುತ್ತದೆ. ತುಂಬ ಹಬ್ಬುವ ಅಲಸಂದೆ ತಳಿ ಬೇಡ, ದಂಟಿಗೆ ಸುತ್ತಿಕೊಂಡು ಕೊಯ್ಲಿಗೆ ತೊಡಕಾಗುತ್ತದೆ.