ಮಕ್ಕಳಿಗೆ ಹಳೇ ಕಾರು ಕೊಡಿಸ್ತೀರಾ? ಟ್ರಯಲ್ ನೀವೊಬ್ಬರೇ ಮಾಡಬೇಡಿ

ಮಗಳಿಗೆ ಹತ್ತೊಂಬತ್ತು ವರ್ಷ. 2024ರ ಆಗಸ್ಟ್‌ನಲ್ಲಿ ಲೈಸೆನ್ಸ್ ಕೈಗೆ ಬಂತು. ‘ಕೈ ಕೂರೋವರೆಗೂ ಹಳೇ ಕಾರೇ ಸಾಕು, ಗೀರು ಬಿದ್ದರೂ ಹೊಟ್ಟೆ ಉರಿಯಲ್ಲ’ ಅಂತ ಮನೆಯಲ್ಲಿ ಮಾತಾಯಿತು. 2013ರ ಮಾಡೆಲ್, ಬಿಳಿ ಬಣ್ಣದ ಸಣ್ಣ ಪೆಟ್ರೋಲ್ ಕಾರು. ಎರಡು ಲಕ್ಷ ಮೂವತ್ತು ಸಾವಿರಕ್ಕೆ ಕುದುರಿತು. ಯಾರ ಹತ್ತಿರ ತಗೊಂಡೆ ಅನ್ನೋದು ಇಲ್ಲಿ ಬೇಡ. ಆ ಜಗಳ ಬೇರೆ. ತಪ್ಪು ಜಾಸ್ತಿ ನನ್ನದೇ.

ನಾನು ಸ್ಟೇರಿಂಗ್ ಹಿಡಿದು ಇಪ್ಪತ್ತೆಂಟು ವರ್ಷ ಆಯಿತು. ಕಲಿತದ್ದು ಸೋದರಮಾವನ ಹಳೇ ಜೀಪಿನಲ್ಲಿ. ಆ ಗತ್ತಿನಲ್ಲಿ ಟ್ರಯಲ್‌ಗೆ ನಾನೇ ಕೂತೆ. ಮಗಳು ಹಿಂದಿನ ಸೀಟಿನಲ್ಲಿ ಮೊಬೈಲ್ ನೋಡ್ತಾ ಕೂತಿದ್ದಳು. ನಮ್ಮ ದಾವಣಗೆರೆಯ ಶಾಮನೂರು ರೋಡಿನಲ್ಲಿ ಒಂದು ರೌಂಡ್, ಪಿ.ಬಿ. ರೋಡಿನಲ್ಲಿ ಒಂದು ರೌಂಡ್. ಇಂಜಿನ್ ಸದ್ದು ಚೆನ್ನಾಗಿತ್ತು. ಗೇರು ಬೆಣ್ಣೆ ಹಾಗೆ ಬೀಳುತ್ತಿತ್ತು. ‘ಕಾರು ಓಕೆ’ ಅಂದುಬಿಟ್ಟೆ.

ಆಮೇಲೆ ಕಾರನ್ನು ‘ರೆಡಿ’ ಮಾಡಿಸಿದೆ. ಸೀಟ್ ಕವರ್‌ಗೆ 6,500. ಟಚ್ ಸ್ಕ್ರೀನ್ ಇರುವ ಮ್ಯೂಸಿಕ್ ಸಿಸ್ಟಮ್‌ಗೆ 9,000. ಪಾಲಿಶ್, ಹೊಸ ಮ್ಯಾಟ್, ಗಾಜಿಗೆ ಕರಿ ಫಿಲ್ಮ್. ಫಿಲ್ಮ್ ಆಮೇಲೆ ಕಿತ್ತು ಹಾಕಿದೆ ಬಿಡಿ. ರಾತ್ರಿ ಹೊತ್ತು ಅದರೊಳಗಿಂದ ಸೈಡ್ ಮಿರರ್ ನನಗೇ ಕಾಣುತ್ತಿರಲಿಲ್ಲ, ಹೊಸಬಳಿಗೆ ಏನು ಕಾಣಬೇಕು? ದುರ್ಗಾಂಬಿಕಾ ಗುಡಿ ಮುಂದೆ ಪೂಜೆ ಮಾಡಿಸಿ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟೆ. ಟಯರಿಗೆ ಅಷ್ಟು ಹತ್ತಿರ ಬಗ್ಗಿದ್ದೆ. ಅದರ ಮೇಲೆ ಏನು ಬರೆದಿದೆ ಅಂತ ಮಾತ್ರ ನೋಡಲಿಲ್ಲ.

ನವೆಂಬರ್‌ನ ಒಂದು ಭಾನುವಾರ. ಚಿತ್ರದುರ್ಗದಲ್ಲಿ ನನ್ನ ತಂಗಿ ಮನೆಗೆ ಹೋಗಿ ವಾಪಸ್ ಬರುತ್ತಿದ್ದೆವು. ಮಗಳು ಓಡಿಸುತ್ತಿದ್ದಳು, ನಾನು ಪಕ್ಕದಲ್ಲಿ. ಭರಮಸಾಗರ ದಾಟೋವರೆಗೂ ಹೈವೇಯಲ್ಲಿ ಚೆನ್ನಾಗಿಯೇ ಬಂದಳು. ಹೈವೇಯಲ್ಲಿ ಬ್ರೇಕ್ ಹಾಕೋ ಕೆಲಸವೇ ಕಡಿಮೆ ಅಲ್ವಾ. ಆನಗೋಡು ಹತ್ತಿರ ಟೀ ಕುಡಿಯೋಣ ಅಂತ ಸರ್ವಿಸ್ ರೋಡಿಗೆ ಇಳಿಸಿದೆವು. ಸ್ಪೀಡು ನಲವತ್ತು ಇದ್ದಿರಬಹುದು. ಎಡಗಡೆಯಿಂದ ಮೆಕ್ಕೆಜೋಳದ ಚೀಲ ಹೇರಿದ ಟ್ರ್ಯಾಕ್ಟರ್ ರಸ್ತೆಗೆ ಬಂತು. ಅವಳು ಸರಿಯಾದ ಟೈಮಿಗೇ ಬ್ರೇಕ್ ಒತ್ತಿದಳು. ಪೆಡಲ್ ಒಳಗೆ ಹೋಯಿತು, ಕಾರು ನಿಲ್ಲಲಿಲ್ಲ.

“ಅಪ್ಪಾಜಿ, ಬ್ರೇಕ್ ಹಿಡೀತಿಲ್ಲ!”

“ಎರಡು ಸಲ ಒತ್ತಮ್ಮ!”

ಈ ಮಾತು ನನ್ನ ಬಾಯಿಂದ ತಾನಾಗಿಯೇ ಬಂತು. ಅವಳಿಗೆ ಅದು ಅರ್ಥವಾಗೋ ಹೊತ್ತಿಗೆ ತಡವಾಗಿತ್ತು. ಟ್ರ್ಯಾಕ್ಟರ್ ತಪ್ಪಿಸೋಕೆ ಸ್ಟೇರಿಂಗ್ ಎಳೆದಳು, ಕಾರು ಮೋರಿ ಕಟ್ಟೆಗೆ ಹೋಗಿ ಗುದ್ದಿತು. ಬಂಪರ್, ಹೆಡ್‌ಲೈಟ್, ರೇಡಿಯೇಟರ್ ಎಲ್ಲ ಹೋಯಿತು. ಅವಳ ಹೆಗಲಿನಿಂದ ಎದೆವರೆಗೂ ಸೀಟ್ ಬೆಲ್ಟ್ ಒತ್ತಿದ ಕೆಂಪು ಬರೆ. ನನಗೆ ಮೊಣಕಾಲು ತರಚಿತು. ಅಷ್ಟಕ್ಕೇ ಮುಗಿಯಿತು. ಟ್ರ್ಯಾಕ್ಟರಿನವರೇ ಇಳಿದು ಬಂದು ನೀರು ಕೊಟ್ಟರು.

ಆ ರಾತ್ರಿ ನಿದ್ದೆ ಬರಲಿಲ್ಲ. ‘ಎರಡು ಸಲ ಒತ್ತು’ ಅಂತ ನನಗೆ ಹೇಗೆ ಗೊತ್ತಿತ್ತು? ಟ್ರಯಲ್ ದಿನವೇ ನನ್ನ ಕಾಲಿಗೆ ಗೊತ್ತಾಗಿತ್ತು, ಅದಕ್ಕೆ. ಜೀಪಿನಲ್ಲಿ ಬ್ರೇಕ್ ಪಂಪ್ ಮಾಡಿ ಮಾಡಿ ಕಾಲಿಗೆ ಅದೇ ರೂಢಿ. ಮೊದಲ ಒತ್ತು ಸಡಿಲ ಅನ್ನಿಸಿದರೆ ಕಾಲು ತಾನೇ ಇನ್ನೊಂದು ಸಲ ಒತ್ತುತ್ತೆ, ತಲೆವರೆಗೂ ಸುದ್ದಿಯೇ ಬರಲ್ಲ. ಕಾರಿನ ಕುಂದನ್ನೆಲ್ಲ ನನ್ನ ಕೈಕಾಲು ಸದ್ದಿಲ್ಲದೆ ಸರಿ ಮಾಡಿಕೊಂಡಿದ್ದವು. ಹೊಸಬರಿಗೆ ಆ ರೂಢಿ ಎಲ್ಲಿಂದ ಬರಬೇಕು? ಬ್ರೇಕ್ ಹೇಗಿರಬೇಕು ಅನ್ನೋದೇ ಅವರಿಗೆ ಇನ್ನೂ ಗೊತ್ತಿರಲ್ಲ. ‘ಎಲ್ಲಾ ಕಾರೂ ಹೀಗೇ ಇರಬೇಕು’ ಅಂದುಕೊಳ್ತಾರೆ. ಮಗಳೂ ಹಾಗೇ ಅಂದುಕೊಂಡಿದ್ದಳಂತೆ.

ಗ್ಯಾರೇಜಿನಲ್ಲಿ ಬಿಚ್ಚಿದಾಗ ಹಿಂದಿನ ಬ್ರೇಕ್ ಶೂ, ಅಂದರೆ ಚಕ್ರದ ಒಳಗೆ ಉಜ್ಜಿ ಅದನ್ನು ನಿಲ್ಲಿಸುವ ಪಟ್ಟಿ, ಸವೆದು ತಗಡಾಗಿತ್ತು. ಅಡ್ಜಸ್ಟ್ ಮಾಡಿ ಎಷ್ಟು ಕಾಲ ಆಗಿತ್ತೋ. ಬ್ರೇಕ್ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಹೊಸದಾದರೆ ತಿಳಿ ಹಳದಿ ಇರುತ್ತೆ. ಅದು ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತೆ, ಹಾಗಾಗಿ ಕಾರು ಸುಮ್ನೆ ನಿಂತಿದ್ದರೂ ಸುಮಾರು ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು.

ಮೆಕ್ಯಾನಿಕ್ ಅಲ್ಲಿಗೇ ಬಿಡಲಿಲ್ಲ. “ಸಾರ್, ಇಲ್ಲಿ ಬನ್ನಿ” ಅಂತ ಕರೆದು ಹಿಂದಿನ ಟಯರಿನ ಒಳಮೈಗೆ ಟಾರ್ಚ್ ಬಿಟ್ಟರು. ಹೊರಗಿನಿಂದ ನೋಡಿದರೆ ಕರ್ರಗೆ ಮಿಂಚುವ ಟಯರ್, ಗ್ರಿಪ್ ಕೂಡ ಚೆನ್ನಾಗಿತ್ತು. ಒಳಗಡೆ ಉದ್ದಕ್ಕೂ ಒಣಗಿದ ಕೆರೆ ತಳದ ಹಾಗೆ ಬಿರುಕು. ಡಿಒಟಿ (DOT) ಅಂತ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ: 1815. ಅಂದರೆ 2015ರ ಹದಿನೆಂಟನೇ ವಾರ ತಯಾರಾದ ಟಯರ್. ಒಂಬತ್ತು ವರ್ಷ ಹಳೇದು! ಈ ಅಂಕಿ ಎಷ್ಟೋ ಟಯರಿನಲ್ಲಿ ಒಂದೇ ಮೈಯಲ್ಲಿರುತ್ತೆ. ಆ ಮೈ ಒಳಗೆ ಬರೋ ಹಾಗೆ ಹಾಕಿದ್ದರೆ ನಿಂತು ನೋಡಿದವರಿಗೆ ಕಾಣಲ್ಲ, ಮಲಗಿಯೇ ನೋಡಬೇಕು. ಅದೇ ಟಯರಿನಲ್ಲಿ ಮಗಳನ್ನು ಹೈವೇಗೆ ಬಿಟ್ಟಿದ್ದೆ. ಡಿಕ್ಕಿಯಲ್ಲಿದ್ದ ಸ್ಟೆಪ್ನಿಗೆ ಗಾಳಿ ಇರಲಿಲ್ಲ, ಜಾಕ್ ಇತ್ತು, ಅದರ ಹ್ಯಾಂಡಲ್ ಇರಲಿಲ್ಲ.

ಇನ್ನೊಂದು ವಿಷಯ. ನಮ್ಮ ಕಾರಿನಲ್ಲಿ ಏರ್‌ಬ್ಯಾಗೂ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ಎಬಿಎಸ್ಸೂ ಇಲ್ಲ. ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ, ಡ್ರೈವರ್ ಏರ್‌ಬ್ಯಾಗ್ ಅದೇ ವರ್ಷದ ಜುಲೈನಿಂದ. ಅದಕ್ಕಿಂತ ಹಳೇದಾದರೆ ಎಷ್ಟೋ ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಎರಡೂ ಇರಲ್ಲ. ಇದೆ ಅಂತ ಹೇಳಿದರೂ ಕೀ ಆನ್ ಮಾಡಿ ನೋಡಿ. ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡ್ ಹತ್ತಿ ಆರಬೇಕು. ಆರದೇ ಉಳಿದರೂ ತಪ್ಪು, ಹತ್ತದೇ ಹೋದರೂ ತಪ್ಪು. ಹತ್ತದಿದ್ದರೆ ಯಾರೋ ದೀಪವನ್ನೇ ತೆಗೆದಿರಬಹುದು. ಸೀಟ್ ಕವರ್, ಟಚ್ ಸ್ಕ್ರೀನ್ ದುಡ್ಡನ್ನು ಆ ಕಡೆ ಹಾಕಿ, ಇನ್ನೊಂದಿಷ್ಟು ಕೂಡಿಸಿ ಹೊಸ ಮಾಡೆಲ್ ನೋಡಬಹುದಿತ್ತು.

ಇನ್ಶೂರೆನ್ಸ್ ಕಥೆ ಕೇಳಿ. ಓನರ್ ಬದಲಾವಣೆಯ ಫಾರಂ 29, 30 ಕೊಟ್ಟು ಆರ್‌ಸಿ ನನ್ನ ಹೆಸರಿಗೆ ಮಾಡಿಸಿದ್ದೆ. ಪಾಲಿಸಿ ಹಳೇ ಓನರ್ ಹೆಸರಿನಲ್ಲೇ ಇತ್ತು. ‘ಇನ್ನೂ ಆರು ತಿಂಗಳು ಇದೆಯಲ್ಲ, ರಿನ್ಯೂವಲ್ ಟೈಮಿಗೆ ಮಾಡಿಸಿದರಾಯ್ತು’ ಅಂದುಕೊಂಡೆ. ಕಾರು ಕೈ ಬದಲಾದ 14 ದಿನದೊಳಗೆ ಪಾಲಿಸಿಯನ್ನೂ ಹೆಸರಿಗೆ ಮಾಡಿಸಿಕೊಳ್ಳಬೇಕು. ಇಲ್ಲದಿದ್ದರೆ ಥರ್ಡ್ ಪಾರ್ಟಿ ಭಾಗ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ನಷ್ಟದ್ದು ಮಾತ್ರ ಮುಂದುವರಿಯುತ್ತೆ, ನಮ್ಮ ಕಾರಿನ ಡ್ಯಾಮೇಜ್‌ಗೆ ಕೈ ಎತ್ತುತ್ತಾರೆ. ಎತ್ತಿದರು. ಟಯರೂ ಸೇರಿ 46,000 ರೂಪಾಯಿ ನನ್ನ ಜೇಬಿನಿಂದಲೇ ಹೋಯಿತು.

ಕಾರು ನೋಡೋಕೆ ಹೋದಾಗ ಓಡಿಸುವ ಮಗುವನ್ನೇ ಡ್ರೈವರ್ ಸೀಟಿಗೆ ಕೂರಿಸಿ. ಮೊದಲು ಇಂಜಿನ್ ಆಫ್ ಇಟ್ಟು ನಾಲ್ಕೈದು ಸಲ ಬ್ರೇಕ್ ಒತ್ತಿಸಿ. ಪೆಡಲ್ ಗಟ್ಟಿಯಾಗುತ್ತೆ. ಹಾಗೇ ಒತ್ತಿಕೊಂಡೇ ಸ್ಟಾರ್ಟ್ ಮಾಡಿಸಿ, ಆಗ ಸ್ವಲ್ಪ ಕೆಳಗೆ ಇಳಿಯಬೇಕು. ಅರ್ಧ ನಿಮಿಷ ಒತ್ತಿ ಹಿಡಿದರೂ ಇನ್ನೂ ಇಳಿಯುತ್ತಾ ಹೋಗಬಾರದು. ಆಮೇಲೆ ಕಾಲು ತೆಗೆದು ಮತ್ತೆ ಒತ್ತಿಸಿ. ಮೊದಲ ಸಲಕ್ಕಿಂತ ಎರಡನೇ ಸಲ ಪೆಡಲ್ ಮೇಲೆ ಸಿಕ್ಕರೆ ಬ್ರೇಕ್ ಬಿಚ್ಚಿಸದೇ ಅಡ್ವಾನ್ಸ್ ಕೊಡಬೇಡಿ. ನಿಮಗೆ ಗುರುತಿರುವ ಮೆಕ್ಯಾನಿಕ್‌ಗೆ ಐನೂರು, ಸಾವಿರ ಕೊಟ್ಟು ಕರೆದುಕೊಂಡು ಹೋಗಿ. ಮಾರುವವರು ತೋರಿಸುವ ಮೆಕ್ಯಾನಿಕ್ ಬೇಡವೇ ಬೇಡ.

ಮಗಳು ಎರಡು ತಿಂಗಳು ಕೀ ಮುಟ್ಟಲಿಲ್ಲ. ಈಗ ಭಾನುವಾರ ಬೆಳಿಗ್ಗೆ ಕುಂದವಾಡ ಕೆರೆ ಕಡೆ ಓಡಿಸಿಕೊಂಡು ಹೋಗುತ್ತಾಳೆ. ಕೂತ ತಕ್ಷಣ ಬ್ರೇಕ್ ಒತ್ತಿ ನೋಡೋದು ಅವಳಿಗೆ ರೂಢಿಯಾಗಿದೆ. ಮೊನ್ನೆ ನನ್ನ ಕಾರಿನಲ್ಲಿ ಕೂತಾಗಲೂ ಹಾಗೇ ಎರಡು ಸಲ ಒತ್ತಿ, ಮುಖ ಕಿವುಚಿ, “ಅಪ್ಪಾಜಿ, ನಿಮ್ಮದೂ ಒಂದ್ಸಲ ತೋರಿಸಿ” ಅಂದಳು. ತೋರಿಸಿದೆ. ಹಿಂದಿನ ಶೂ ಸವೆದಿತ್ತು.