ಹೆಲ್ಪ್ ಟು ಬೈ ಸಾಲ: ಬಡ್ಡಿ ಚಿಕ್ಕದು, ಪಾಲು ದೊಡ್ಡದು

2018ರಲ್ಲಿ ಮಿಲ್ಟನ್ ಕೀನ್ಸ್‌ನಲ್ಲಿ ಹೊಸ ಮನೆ ತೆಗೆದುಕೊಂಡಾಗ ಇಂಗ್ಲೆಂಡಿನಲ್ಲಿ ಸರ್ಕಾರ ಕೊಡುತ್ತಿದ್ದ ಹೆಲ್ಪ್ ಟು ಬೈ ಈಕ್ವಿಟಿ ಸಾಲ, ಅಂದರೆ ಮನೆ ಬೆಲೆಯಲ್ಲಿ ಸರ್ಕಾರಕ್ಕೂ ಪಾಲಿರುವ ಸಾಲ, ಮಾಡಿದೆವು. ಬೆಲೆ 3 ಲಕ್ಷ ಪೌಂಡ್. ಶೇ 5 ನಮ್ಮ ಕೈಯಿಂದ, ಶೇ 75 ಬ್ಯಾಂಕಿನದು, ಉಳಿದ ಶೇ 20, ಅಂದರೆ 60 ಸಾವಿರ, ಸರ್ಕಾರದ್ದು. ಹೊಸ ಅರ್ಜಿ 2022ರ ಅಕ್ಟೋಬರ್‌ಗೇ ನಿಂತಿದೆ. ಹಾಗಾಗಿ ಇದು ಸಾಲ ಇನ್ನೂ ತಲೆ ಮೇಲಿರುವವರಿಗೆ.

ಮೊದಲ ಐದು ವರ್ಷ ಬಡ್ಡಿ ಇಲ್ಲ, ತಿಂಗಳಿಗೆ 1 ಪೌಂಡ್ ಶುಲ್ಕ ಅಷ್ಟೇ. ಹೊಸದಾಗಿ ಸಂಸಾರ ಹೂಡಿದವರಿಗೆ ಇದು ದೊಡ್ಡ ಉಪಕಾರ. ಆರನೇ ವರ್ಷದಿಂದ ಶೇ 1.75. ಆಮೇಲೆ ಆ ದರ ಪ್ರತಿ ಏಪ್ರಿಲ್‌ನಲ್ಲಿ ಆರ್‌ಪಿಐ (ಚಿಲ್ಲರೆ ಬೆಲೆ ಸೂಚ್ಯಂಕ) ಹಣದುಬ್ಬರಕ್ಕೆ 1 ಸೇರಿಸಿದಷ್ಟು ಶೇಕಡಾ ಏರುತ್ತದೆ. ಹಣದುಬ್ಬರ ಶೇ 5 ಇದ್ದರೆ ಬಡ್ಡಿ ಏಳೂ ಮುಕ್ಕಾಲು ಆಗುತ್ತೆ ಅಂತ ಗೆಳೆಯರೊಬ್ಬರು ಹೆದರಿಸಿದ್ದರು. ಹಾಗಲ್ಲ. 1.75 ಎನ್ನುವುದೇ ಶೇ 6ರಷ್ಟು ಏರಿ ಸುಮಾರು 1.86 ಆಗುತ್ತದೆ. ಅದೂ ಮೂಲ 60 ಸಾವಿರದ ಮೇಲೆ ಮಾತ್ರ. ನಮಗೆ ಶುರುವಿನಲ್ಲಿ ಬಂದದ್ದು ತಿಂಗಳಿಗೆ 87.50 ಪೌಂಡ್.

ನಿಜವಾದ ತಲೆನೋವು ಬೇರೆ. ವಾಪಸ್ ಕೊಡಬೇಕಾದ್ದು 60 ಸಾವಿರ ಅಲ್ಲ, ಮನೆಯ ಇವತ್ತಿನ ಬೆಲೆಯ ಶೇ 20. ಎಷ್ಟು ಬಡ್ಡಿ ಕಟ್ಟಿದರೂ ಅಸಲು ಒಂದು ಪೆನ್ನಿ ಇಳಿಯುವುದಿಲ್ಲ. 2023ರಲ್ಲಿ ಮನೆಗೆ 3.6 ಲಕ್ಷ ಅಂತ ಬೆಲೆ ಕಟ್ಟಿದರು. ಸಾಲ 72 ಸಾವಿರಕ್ಕೆ ಬಂತು.

ಪೂರ್ತಿ ಬ್ಯಾಂಕ್ ಸಾಲಕ್ಕೇ ಸೇರಿಸೋಣ ಅಂದರೆ ಆಗ ದರ ಶೇ 5ರ ಆಸುಪಾಸು. ವರ್ಷಕ್ಕೆ 3,600 ಬಡ್ಡಿ. ಹಾಗೇ ಬಿಟ್ಟರೆ ಬಡ್ಡಿ 1,050. ಮನೆ ಬೆಲೆ ಶೇ 3 ಏರಿದರೆ ಸರ್ಕಾರದ ಪಾಲು ಇನ್ನೊಂದು 2,160 ಬೆಳೆಯುತ್ತದೆ. ಒಟ್ಟು 3,210. ಹೆಚ್ಚುಕಮ್ಮಿ ಸಮ, ಅಲ್ವಾ? ಬೆಲೆ ಏರದೆ ಕೂತ ಫ್ಲಾಟ್ ಆಗಿದ್ದರೆ ನಾನು ಸುಮ್ನೆ ಬಿಟ್ಟುಬಿಡುತ್ತಿದ್ದೆ. ಹೊಸ ಫ್ಲಾಟ್ ಕೊಂಡ ಎಷ್ಟೋ ಜನರ ಕಥೆ ಹಾಗೇ ಇದೆ.

ನಮ್ಮ ಹತ್ತಿರ ಹಾಸನದ ಸೈಟ್ ಮಾರಿದ ದುಡ್ಡು ಭಾರತದ ಎನ್‌ಆರ್‌ಒ (ಅನಿವಾಸಿಗಳ) ಖಾತೆಯಲ್ಲಿತ್ತು. ಸಿಎ ಕೈಲಿ 15ಸಿಬಿ (ಹಣ ಹೊರದೇಶಕ್ಕೆ ಕಳಿಸಲು ಬೇಕಾದ ತೆರಿಗೆ ಪ್ರಮಾಣಪತ್ರ) ಮಾಡಿಸಿ ತರಿಸಿಕೊಂಡು ಅರ್ಧ, ಅಂದರೆ 36 ಸಾವಿರ, ತೀರಿಸಿದೆವು. ಸಾಲ ಮಾಡಿ ಸಾಲ ತೀರಿಸುವುದಕ್ಕಿಂತ ಇದು ನನಗೆ ಒಪ್ಪಿಗೆಯಾಯಿತು. ಊರಲ್ಲಿ ಸೈಟ್ ಇಟ್ಟುಕೊಂಡಿದ್ದರೆ ಇನ್ನೂ ಜಾಸ್ತಿ ಬರುತ್ತಿತ್ತು ಅಂತ ಮಾವ ಈಗಲೂ ಗೊಣಗುತ್ತಾರೆ.

ಈ ಯೋಜನೆಯಲ್ಲಿ ನನಗೆ ಸಿಟ್ಟು ತರಿಸುವುದು ಒಂದೇ. ತಿಂಗಳಿಗೆ 300 ಪೌಂಡ್ ಅಸಲಿಗೆ ಕಟ್ಟುತ್ತೇನೆ ಅಂದರೆ ತಗೊಳ್ಳುತ್ತಿರಲಿಲ್ಲ. ನಾವು ತೀರಿಸುವಾಗ ಒಂದು ಸಲಕ್ಕೆ ಮನೆ ಬೆಲೆಯ ಶೇ 10 ಆದರೂ ಕೊಡಬೇಕಿತ್ತು. ಸಂಬಳದವರು ಅಷ್ಟು ಕೂಡಿಡುವಷ್ಟರಲ್ಲಿ ಬೆಲೆ ಇನ್ನಷ್ಟು ಏರಿರುತ್ತದೆ. ಇನ್ನೊಂದು ಮಾತು: ಮನೆ ಬೆಲೆ ಕಟ್ಟುವ ಆರ್‌ಐಸಿಎಸ್ (ಸರ್ವೇಯರ್‌ಗಳ ವೃತ್ತಿ ಸಂಸ್ಥೆ) ಮಾನ್ಯತೆಯ ಸರ್ವೇಯರ್ ವರದಿಗೆ ಮೂರೇ ತಿಂಗಳ ಆಯಸ್ಸು. ಕಾಗದಪತ್ರ ನೋಡುವ ನಮ್ಮ ಸಾಲಿಸಿಟರ್ (ವಕೀಲರು) ಎಳೆದೂ ಎಳೆದೂ ಕೊನೇ ವಾರದಲ್ಲಿ ಕೆಲಸ ಮುಗಿಸಿದರು. ದುಡ್ಡು, ಸಾಲಿಸಿಟರ್ ಎರಡೂ ಸಿದ್ಧವಾದ ಮೇಲೇ ಸರ್ವೇಯರನ್ನು ಕರೆಸಿ.

ಯೋಜನೆಗೆ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಉಳಿದ ಶೇ 10ಕ್ಕೆ ಬ್ಯಾಂಕ್ ಸಾಲದ ಈಗಿನ ಫಿಕ್ಸೆಡ್ ಡೀಲ್ (ಬಡ್ಡಿ ದರ ಬದಲಾಗದ ಅವಧಿ) ಮುಗಿಯುವವರೆಗೆ ಕಾಯುತ್ತಿದ್ದೇವೆ. ಬ್ಯಾಂಕಿನ ಮನೆ ಸಾಲದ ದರ ಶೇ 4ರ ಕೆಳಗೆ ಬಂದರೆ ಸೇರಿಸುವುದು, ಇಲ್ಲದಿದ್ದರೆ ಇನ್ನೆರಡು ವರ್ಷ ಬಡ್ಡಿ ಕಟ್ಟಿಕೊಂಡು ಹೋಗುವುದು.